ಹ್ಞೂಂ ಪಂಪಣ್ಣ ಬಾಯಿ ಮುಚ್ಚಿದ ಸಂಜೆ

ಸಿರುಗುಪ್ಪ ತಾಲ್ಲೂಕಿನ ಕರೂರಿಗೆ ಹೋಗಿ ಪಂಪಣ್ಣನ ಮನೆ ಯಾವುದು ಎಂದು ಕೇಳಿದರೆ, ಯಾವ ಪಂಪಣ್ಣ ಎಂದು ತಿರುಗಿ ಕೇಳುತ್ತಾರೆ. ಊರಲ್ಲಿ ಆ ಹೆಸರಿನವರು ಬೇಕಾದಷ್ಟು ಮಂದಿ. ಟ್ರ್ಯಾಕ್ಟರ್ ಪಂಪಣ್ಣ ಇದ್ದಾನೆ, ಕುರಿ ಪಂಪಣ್ಣ ಇದ್ದಾನೆ, ಚುನಾವಣೆಗೆ ನಿಂತು ಹೆಂಡತಿಯ ವೋಟೂ ಸಿಗದೆ ಸೋತು, ಆದರೂ ಹೆಸರಿಗೆ ಮಾತ್ರ ಮೆಂಬರ್ ಆಗಿ ಉಳಿದ ಮೆಂಬರ್ ಪಂಪಣ್ಣ ಇದ್ದಾನೆ. ಇವರ್‍ಯಾರ ಚರಿತ್ರೆಯೂ ಬರೆಯತಕ್ಕದ್ದಲ್ಲ. ಬರೆಯತಕ್ಕ ಚರಿತ್ರೆ ಒಬ್ಬನದೇ. ಅವನು ಹ್ಞೂಂ ಪಂಪಣ್ಣ.

ಆ ಸೀಮೆಯಲ್ಲಿ ಕಥೆ ಹೇಳುವುದು ಒಬ್ಬರ ಕೆಲಸವಲ್ಲ. ಹೇಳುವವರು ಒಬ್ಬರು ಬೇಕು, ಪ್ರತಿ ಮಾತಿಗೂ ಹ್ಞೂಂ ಅನ್ನುವವರು ಒಬ್ಬರು ಬೇಕು. ಕಟ್ಟೆಯ ತುಂಬ ಜನ ಕೂತಿದ್ದರೂ ಹ್ಞೂಂ ಅನ್ನುವ ಹೊಣೆ ಒಬ್ಬನದೇ. ಹ್ಞೂಂ ನಿಂತರೆ ಕಥೆಯೂ ನಿಲ್ಲಬೇಕು. ಹ್ಞೂಂ ಇಲ್ಲದೆ ಹೇಳಿದ ಕಥೆ ಹೊರಗೆ ಹೋಗದೆ ಹೇಳಿದವರ ಹೊಟ್ಟೆಯಲ್ಲೇ ಉಳಿದು ಉಬ್ಬರ ತರುತ್ತದೆ ಎಂದು ಪಕ್ಕೀರಮ್ಮ ಎಂಬ ಮುದುಕಿ ಹೇಳುತ್ತಿದ್ದಳು. ಅವಳು ಊರಿನ ದೊಡ್ಡ ಕಥೆಗಾರ್ತಿ. ಅವಳ ಕಥೆಗೆ ಪಂಪಣ್ಣ ಮೊದಲ ಹ್ಞೂಂ ಅಂದಾಗ ಅವನಿಗಿನ್ನೂ ಚಡ್ಡಿ ಹಾಕಿಕೊಳ್ಳುವ ವಯಸ್ಸೂ ಆಗಿರಲಿಲ್ಲ. ಕೂತ ಜನ ತಿರುಗಿ ನೋಡಿದರಂತೆ. ಪಕ್ಕೀರಮ್ಮ ಕಥೆ ನಿಲ್ಲಿಸಿ, 'ಈ ಕೂಸಿನ ಹ್ಞೂಂನಾಗ ತೂಕ ಐತಿ' ಎಂದಳಂತೆ.

ರಕ್ತದಲ್ಲೇ ಇತ್ತೆನ್ನಿ. ಪಂಪಣ್ಣನ ಅಪ್ಪ ಬಯಲಾಟದಲ್ಲಿ ಸಾರಥಿ. ಬಯಲಾಟದ ರಂಗಕ್ಕೆ ಬರುವ ರಾಜ ಎಷ್ಟೇ ದೊಡ್ಡವನಾಗಿರಲಿ, ಸಾರಥಿ ಎದುರಿಗೆ ನಿಂತು 'ತಾವು ಯಾರು, ಯಾವ ದೇಶ, ಬಂದ ಕಾರಣವೇನು' ಎಂದು ಕೇಳದ ಹೊರತು ಬಾಯಿ ಬಿಡುವ ಹಾಗಿಲ್ಲ. ಒಮ್ಮೆ ಸಾರಥಿ ಚಹಾ ಕುಡಿಯಲು ಹೋಗಿಬಿಟ್ಟದ್ದರಿಂದ, ಮೂರು ಲೋಕ ಗೆದ್ದ ರಾಕ್ಷಸನೊಬ್ಬ, ಮದುವೆಮನೆಯಲ್ಲಿ ಗುರುತಿನವರು ಸಿಗದವನಂತೆ ಕಿರೀಟ ಹೊತ್ತು ಸುಮ್ಮನೆ ನಿಂತಿದ್ದನಂತೆ. ಅಂಥ ಮನೆತನದಲ್ಲಿ ಹುಟ್ಟಿದ ಪಂಪಣ್ಣ ದೊಡ್ಡವನಾಗುತ್ತ ಹ್ಞೂಂ ಒಂದರಲ್ಲೇ ನಾನಾ ಬಗೆ ಕಲಿತ. ಮಗು ಹುಟ್ಟಿದ ಸುದ್ದಿಗೆ ಒಂದು, ಎಮ್ಮೆ ಕಳೆದ ಸುದ್ದಿಗೆ ಒಂದು. ಹೇಳುವವನು ಸುಳ್ಳು ಹೇಳುತ್ತಿದ್ದರೆ ಮೂಗಿನ ತುದಿಯಲ್ಲಿ ಹೊರಡಿಸುವ ಹ್ಞೂಂ ಬೇರೆ. ಅದನ್ನು ಕೇಳಿದ ಸುಳ್ಳುಗಾರ ತಾನಾಗಿ ಹಿಂದಕ್ಕೆ ಬಂದು ನಿಜ ಹಿಡಿಯುತ್ತಿದ್ದ.

ಹೊಟ್ಟೆಪಾಡಿಗೆ ಅವನು ನೀರಗಂಟಿ. ಕಾಲುವೆಯ ತೂಬು ಎತ್ತಿ ಇಳಿಸಿ ಭತ್ತದ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ಕೆಲಸ. ಭೂಲೋಕದಲ್ಲಿ ಇಷ್ಟು ಬೈಗುಳ ತಿನ್ನುವ ಉದ್ಯೋಗ ಇನ್ನೊಂದಿಲ್ಲ. ಕಾಲುವೆಯ ಕೊನೆಯ ಗದ್ದೆಯವನು ಕರಿಬಸವ. ಅವನು ಬೈಯಲೆಂದೇ ಸೈಕಲ್ ತುಳಿದುಕೊಂಡು ಬರುತ್ತಿದ್ದ. ಪಂಪಣ್ಣ ಸಲಿಕೆ ಊರಿ ನಿಂತು ಹ್ಞೂಂ ಅನ್ನುತ್ತಿದ್ದ. ಬೈಗುಳ ನೀರಿನಿಂದ ಶುರುವಾಗಿ, ಒಡಹುಟ್ಟಿದ ತಮ್ಮ ಆಸ್ತಿಯಲ್ಲಿ ಪಾಲು ಕೇಳಿದ್ದಕ್ಕೆ ಹೋಗಿ, ಸೊಸೆ ಮಾಡುವ ಸಾರಿಗೆ ಇಳಿದು, ಕರಿಬಸವನ ಸೊಂಟನೋವಿಗೆ ಬಂದು ನಿಲ್ಲುತ್ತಿತ್ತು. ಅಷ್ಟರಲ್ಲಿ ಅವನ ಮನಸ್ಸು ಹಗುರಾಗಿ, 'ನೀರು ಯಾವಾಗರ ಬಿಡು ಬಿಡಪಾ, ಅವಸರಿಲ್ಲ' ಎಂದು ಹೊರಟುಹೋಗುತ್ತಿದ್ದ. ಗದ್ದೆ ಮಾತ್ರ ಒಣಗಿರುತ್ತಿತ್ತು.

ಈ ಮಹಾಪುರುಷನಿಗೆ ಒಬ್ಬಳೇ ಮಗಳು, ಕಾವೇರಿ. ಹ್ಞೂಂಗಳ ನಡುವೆ ಬೆಳೆದ ಹುಡುಗಿ. ಕಾಲಿಗೆ ಮುಳ್ಳು ಮುರಿದದ್ದು, ಸಾಲಿಯಲ್ಲಿ ಟೀಚರ್ ನಿದ್ದೆ ಮಾಡಿದ್ದು, ಎಲ್ಲವನ್ನೂ ಅಪ್ಪನ ಮುಂದೆ ಹೇಳಬೇಕು, ಅಪ್ಪ ಹ್ಞೂಂ ಅನ್ನಬೇಕು. ಬಳ್ಳಾರಿಯ ಕಾಲೇಜಿಗೆ ಸೇರಿ ಗಾಂಧಿನಗರದ ಹಾಸ್ಟೆಲಿಗೆ ಹೋದ ಮೇಲೂ ಫೋನಿನಲ್ಲಿ ಇದೇ ಪದ್ಧತಿ. ನೆಟ್‌ವರ್ಕ್ ಹೋಗಿ ಹ್ಞೂಂ ಕೇಳದಿದ್ದರೆ, ಆಡುತ್ತಿದ್ದ ಪದದ ಅರ್ಧದಲ್ಲೇ ಬಾಯಿ ತೆರೆದು ಕಾಯುತ್ತಿದ್ದಳು.

ಕಾವೇರಿ ಕಾಲೇಜಿನ ಕೊನೆಯ ವರ್ಷದಲ್ಲಿ ಅಂಜಿನೇಯ ಸರ್ ಅವರ ಕಣ್ಣಿಗೆ ಬಿದ್ದಳು. ಅಂಜಿನೇಯ ಸರ್ ಇತಿಹಾಸ ಪಾಠ ಮಾಡುವವರು, ನಾಟಕದ ಹುಚ್ಚಿನವರು. ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ, ಕಾಗೆ ಕೂಡ ನೆರಳು ಹುಡುಕುವ ಹೊತ್ತಿನಲ್ಲಿ, ಕಪ್ಪು ಜುಬ್ಬಾ ಹಾಕಿಕೊಂಡು ಓಡಾಡುವಷ್ಟು ಅವರಿಗೆ ಕತ್ತಲಿನ ಮೇಲೆ ಪ್ರೀತಿ. ಪಾರ್ವತಿನಗರದ ಬಾಡಿಗೆ ಮನೆಯ ಹಾಲಿಗೂ ಕಪ್ಪು ಬಣ್ಣ ಹೊಡೆಸಲು ಹೋಗಿ ಓನರ್ ಕೈಲಿ ಬೈಸಿಕೊಂಡಿದ್ದರು. ಅವರು ಆ ವರ್ಷ ಕಟ್ಟಿದ ಪ್ರಯೋಗದ ಹೆಸರು 'ಏಳು ಕತ್ತಲು'. ಏಳು ವಿದ್ಯಾರ್ಥಿಗಳು, ಏಳು ಸ್ವಗತ. ಒಬ್ಬೊಬ್ಬರೇ ಬರುವುದು, ದೀಪದ ಒಂದು ತುಣುಕಿನಲ್ಲಿ ನಿಂತು ತಮ್ಮ ಘೋರವನ್ನು ತಾವೇ ತೋಡಿಕೊಳ್ಳುವುದು, ದೀಪ ಆರುವುದು. ಮೊದಲನೆಯವನು ಗಲ್ಲಿಗೇರಿಸುವವನು. ಆ ಪಾತ್ರ ಹುಲಿಗೇಶ್ ಎಂಬ ಹುಡುಗನದು. ಬಿ.ಕಾಂ.ನ ಇನ್ನೊಬ್ಬ ಹುಡುಗ ಶವಪೆಟ್ಟಿಗೆಯ ಒಳಗಿಂದ ಮಾತಾಡುತ್ತಿದ್ದ. ಅವನು ಕಾಣುತ್ತಲೂ ಇರಲಿಲ್ಲ, ಹೇಳಿದ್ದು ಕೇಳಿಸುತ್ತಲೂ ಇರಲಿಲ್ಲ, ಆದ್ದರಿಂದ ಅದೇ ಎಲ್ಲಕ್ಕಿಂತ ಆಳವಾದದ್ದು ಎಂದು ಸರ್ ಹೇಳುತ್ತಿದ್ದರು. ಕೊನೆಯ ಕತ್ತಲು ಕಾವೇರಿಯದು. ಗಂಡನಿಗೆ ಗಂಜಿಯಲ್ಲಿ ವಿಷ ಹಾಕಿ, ಅವನ ಹೆಣದ ಮುಂದೆ ಕೂತು ಮಾತಾಡುವ ಹೆಂಡತಿ.

ಬಳ್ಳಾರಿಯಲ್ಲಿ ಅಂತರ ಕಾಲೇಜು ಸ್ಪರ್ಧೆ ಇತ್ತು. ಅದಕ್ಕೆ ಮುಂಚೆ ಒಂದು ಸಲ ಜನರ ಮುಂದೆ ಆಡಿ ನೋಡೋಣವೆಂದು ಸರ್ ತಂಡವನ್ನು ಕುರುಗೋಡಿನ ಒಂದು ಸಭಾಂಗಣಕ್ಕೆ ಕರೆದುಕೊಂಡು ಹೋದರು. ಮಗಳ ನಾಟಕ ಎಂದು ಪಂಪಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೆಂಡತಿ ಚನ್ನಬಸಮ್ಮನ ಜೊತೆ ಬಂದ. ಮೊದಲ ಸಾಲಿನಲ್ಲಿ ಕೂತ. ಹಿಂದೆ ಕೂತರೆ ತನ್ನ ಕೆಲಸ ಆಗುವುದಿಲ್ಲವೆಂಬುದು ಅವನಿಗೆ ಗೊತ್ತು.

ದೀಪ ಆರಿತು. ಹುಲಿಗೇಶ್ ಕೈಯಲ್ಲಿ ಹಗ್ಗದ ಕುಣಿಕೆ ಹಿಡಿದು ಬಂದ. ಮುಖಕ್ಕೆ ಬೂದಿ ಬಳಿದಿತ್ತು. ಕತ್ತಲನ್ನು ದಿಟ್ಟಿಸಿ, ಬಾವಿಯೊಳಗಿಂದ ಬಂದಂಥ ದನಿಯಲ್ಲಿ ಕೇಳಿದ:

'ಯಾರು ನಾನು?'

ಪಂಪಣ್ಣ ತಿರುಗಿ ಹಿಂದಿನ ಸಾಲುಗಳನ್ನು ನೋಡಿದ. ಇಷ್ಟು ಜನ ಕೂತಿದ್ದಾರೆ, ಒಬ್ಬರಾದರೂ ವಿಚಾರಿಸಬಾರದೇ?

'ಗುರುತು ಹತ್ತಲಿಲ್ಲ ತಮ್ಮಾ,' ಎಂದ. 'ಯಾರ ಮಗ ನೀನು?'

ಹುಲಿಗೇಶ್ ಒಳ್ಳೆಯ ಮನೆತನದ ಹುಡುಗ. ಹಿರಿಯರು ಕೇಳಿದರೆ ಉತ್ತರ ಕೊಡದೆ ನಿಂತು ಗೊತ್ತಿಲ್ಲ.

'ತೆಕ್ಕಲಕೋಟಿ ಗಾಳೆಪ್ಪನ ಮಗ್ರಿ.'

'ಲಾರಿ ಗಾಳೆಪ್ಪನ ಮಗನಾ? ನಿಮ್ಮಪ್ಪನ ಮೊಣಕಾಲು ಈಗ ಹೆಂಗೈತಿ?'

'ಈಗ ಆರಾಮ ಐತ್ರಿ. ಎಣ್ಣಿ ಹಚ್ಚಾಕತ್ಯಾರ.'

'ಹ್ಞೂಂ. ಛಲೋ ಆತು. ಮುಂದ ಹೇಳು.'

ಮುಂದೆ ಹೇಳಲು ಹುಲಿಗೇಶನಿಗೆ ಏನೂ ನೆನಪಾಗಲಿಲ್ಲ. ನಮಸ್ಕಾರ ಮಾಡಿ ಕುಣಿಕೆಯೊಂದಿಗೆ ಒಳಗೆ ಹೋದ. ನಡುವಿನ ಕತ್ತಲುಗಳೂ ಹೀಗೇ ಒಂದೊಂದಾಗಿ ಬೆಳಗಿದವು. ಶವಪೆಟ್ಟಿಗೆಯ ಹುಡುಗನಿಗೆ ಪಂಪಣ್ಣ, 'ಕೇಳವಲ್ದು, ಮುಚ್ಚಳ ತಗದು ಹೇಳಪಾ' ಎಂದ. ಹುಡುಗ ತೆಗೆದೇ ಹೇಳಿದ. ಕಡೆಗೆ ಕಾವೇರಿ ಬಂದಳು. ನೆಲದ ಮೇಲೆ ಬಿಳಿ ಬಟ್ಟೆ ಹೊದಿಸಿದ ಹೆಣ. ಪಕ್ಕದಲ್ಲಿ ಬಟ್ಟಲು.

'ಏಳು. ಗಂಜಿ ಆರುತ್ತಿದೆ. ನೀನು ಏಳುವುದಿಲ್ಲ ಎಂದು ನನಗೆ ಗೊತ್ತು.'

'ಹ್ಞೂಂ,' ಎಂದ ಪಂಪಣ್ಣ.

'ಏಕೆಂದರೆ ಅದರಲ್ಲಿ ವಿಷ ಬೆರೆಸಿದವಳು ನಾನೇ.'

'ಅಯ್ಯ ಶಿವನ. ಆಮ್ಯಾಲ?'

'ಆಮ್ಯಾಲೇನು, ಕುಡದ,' ಎಂದಳು ಕಾವೇರಿ. ಅದು ಬರೆದ ಮಾತಲ್ಲ. ಹುಟ್ಟಿದಂದಿನಿಂದ ನಡೆದು ಬಂದ ದಾರಿಯಲ್ಲಿ ಕಾಲು ತಾನಾಗಿ ಹೋಗಿತ್ತು.

'ಪೂರಾ ಕುಡದನಾ?'

'ತಳದಾಗ ಒಂಚೂರು ಬಿಟ್ಟಾನ.'

'ಉಪ್ಪು ಕಮ್ಮಿ ಆಗಿರಬೇಕು. ಹ್ಞೂಂ, ಹೇಳು.'

ಬಿಳಿ ಬಟ್ಟೆಯ ಕೆಳಗೆ ಹೆಣ ಕುಲುಕಾಡತೊಡಗಿತು. ಕುರುಗೋಡಿನ ಜನ ಬೆಂಚಿನಿಂದ ಜಾರುವ ಹಾಗೆ ನಕ್ಕರು. ಕೊನೆಯಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿ, ಇಂಥ ನಗೆನಾಟಕ ನೋಡಿ ಬಹಳ ದಿನವಾಗಿತ್ತು ಎಂದು ಅಂಜಿನೇಯ ಸರ್ ಅವರ ಕೈ ಕುಲುಕಿದರು. ಸರ್ ಹೊರಗೆ ಹೋಗಿ ಒಂದು ಕಂಬ ಹಿಡಿದು ನಿಂತರು. ಪಂಪಣ್ಣ ಅವರನ್ನು ಹುಡುಕಿಕೊಂಡು ಹೋದ.

'ಛಲೋ ಆತು ನೋಡ್ರಿ ಸರ.'

'ಪಂಪಣ್ಣನವರೇ,' ಎಂದರು ಸರ್, ಕಂಬ ಬಿಡದೆ, 'ಇದು ಸ್ವಗತ. ಇದರಲ್ಲಿ ಒಬ್ಬರೇ ಮಾತಾಡುವುದು.'

'ಅದಾ ಸರ ನನಗ ಸಂಕಟ ಆಗಿದ್ದು. ಪಾಪ, ಹುಡುಗ ಒಬ್ಬನ ನಿಂತು ನಾ ಯಾರು ಅಂತಾನ. ಯಾರೂ ಮಾತಾಡವಲ್ರು.'

'ಆ ಪ್ರಶ್ನೆಗೆ ಉತ್ತರ ಇಲ್ಲ. ಅದೇ ಅವನ ದುರಂತ.'

'ಉತ್ತರ ಐತಲ್ರಿ. ಗಾಳೆಪ್ಪನ ಮಗ.'

ಸರ್ ಕಂಬಕ್ಕೆ ಹಣೆ ಒರಗಿಸಿದರು. ಸ್ಪರ್ಧೆಯ ನಿಯಮ ಅವರಿಗೆ ಬಾಯಿಪಾಠ. ಸ್ವಗತದ ನಡುವೆ ಎರಡನೆಯ ದನಿ ಕೇಳಿಸಿದರೆ, ಅದು ಯಾರದೇ ಇರಲಿ, ಇಡೀ ತಂಡ ಹೊರಗೆ. ಕಾವೇರಿಗೆ ಇದು ಕೊನೆಯ ಅವಕಾಶ. ಇದರಲ್ಲಿ ಗೆದ್ದರೆ ನಾಟಕ ಶಾಲೆಗೆ ಅರ್ಜಿ ಹಾಕಬಹುದು, ಸೋತರೆ ಅವಳ ದೊಡ್ಡಮ್ಮ ಊರಮ್ಮ ಹುಡುಕಿಟ್ಟಿರುವ ಬ್ಯೂಟಿ ಪಾರ್ಲರ್ ಕೋರ್ಸಿಗೆ ಹೋಗಬೇಕು. ಸರ್ ಕಾವೇರಿಯನ್ನು ಕರೆದು, ಸ್ಪರ್ಧೆಯ ದಿನ ಅಪ್ಪ ಕರೂರಿನಲ್ಲೇ ಇರತಕ್ಕದ್ದು ಎಂದು ತೀರ್ಪು ಕೊಟ್ಟರು.

ಆಗ ಗೊತ್ತಾಯಿತು ರೋಗ ಎಷ್ಟು ಆಳದಲ್ಲಿದೆ ಎಂದು. ಪಾರ್ವತಿನಗರದ ಸರ್ ಮನೆಯಲ್ಲಿ ಮರುದಿನ ತಾಲೀಮು. ಕಾವೇರಿ 'ಏಳು, ಗಂಜಿ ಆರುತ್ತಿದೆ' ಎಂದಳು. ನಿಂತಳು.

'ಯಾಕ ನಿಂತಿ?' ಎಂದರು ಸರ್.

'ಹ್ಞೂಂ ಬರಲಿಲ್ಲ ಸರ್.'

'ಬರಬಾರದು.'

'ಗೊತ್ತೈತ್ರಿ. ಆದ್ರ ಕುರುಗೋಡಿನಾಗ ಅಪ್ಪನ ಹ್ಞೂಂ ಕೇಳಿದ ಮ್ಯಾಲ ಮುಂದಿನ ಮಾತು ಬರವಲ್ದು.'

ಹುಲಿಗೇಶನನ್ನು ಎದುರಿಗೆ ಕೂರಿಸಿ ಹ್ಞೂಂ ಅನ್ನಿಸಿ ನೋಡಿದರು. ಅವನ ಹ್ಞೂಂ ಅಂಗಡಿಯವನು ಚಿಲ್ಲರೆ ಇಲ್ಲ ಅನ್ನುವ ಹಾಗಿತ್ತು. ಕೊನೆಗೆ ಕಾವೇರಿಯೇ ಒಂದು ದಾರಿ ಹೇಳಿದಳು. ಅಪ್ಪ ಮೊದಲ ಸಾಲಿನಲ್ಲಿ ಕೂತಿದ್ದರೆ ಸಾಕು. ಹ್ಞೂಂ ಅನ್ನುವುದು ಬೇಡ. ಮುಖ ಕಂಡರೆ ಹ್ಞೂಂ ಕೇಳಿದ ಹಾಗೇ ಆಗುತ್ತದೆ. ಸರ್ ಲೆಕ್ಕ ಹಾಕಿ ನೋಡಿದರು. ಹುಡುಗಿ ಮಾತಾಡದಿದ್ದರೂ ಸೋಲು, ಅಪ್ಪ ಮಾತಾಡಿದರೂ ಸೋಲು. ಅವರು ಫೋನ್ ತೆಗೆದು ಪಂಪಣ್ಣನ ಹತ್ತಿರ ಆಣೆ ಹಾಕಿಸಿಕೊಂಡರು.

'ಒಂದ ಒಂದು ಸಪ್ಪಳ ಬರಬಾರದು,' ಎಂದರು.

'ಹ್ಞೂಂ ಸರ,' ಎಂದ ಪಂಪಣ್ಣ.

'ಅದೇ. ಅದೇ ಬರಬಾರದು.'

'ಹ್ಞೂಂ.'

ಕರೂರಿನಲ್ಲಿ ಚನ್ನಬಸಮ್ಮನ ನೇತೃತ್ವದಲ್ಲಿ ಮೌನದ ಕಸರತ್ತು ಶುರುವಾಯಿತು. ಹಿಂದಿನ ಕಾಲದ ಋಷಿಗಳು ಕಾಡಿಗೆ ಹೋಗಿ ಮೌನ ಹಿಡಿಯುತ್ತಿದ್ದರು. ಅಲ್ಲಿ ಮಾತಾಡಿಸುವವರು ಯಾರು? ನಿಜವಾದ ತಪಸ್ಸು ಕರೂರಿನ ಕಟ್ಟೆಯ ಮೇಲೆ ಕೂತು ಬಾಯಿ ಮುಚ್ಚುವುದು. ಪರೀಕ್ಷೆಗೆಂದು ಚನ್ನಬಸಮ್ಮ ಎದುರು ಮನೆಯ ಮೈಲಾರಲಿಂಗಪ್ಪನನ್ನು ಕರೆಸಿದಳು. ಅವನು ಬೋರ್‌ವೆಲ್ ಕೊರೆಸಿದ ಕಥೆ ಹೇಳಲು ಕೂತರೆ ಬೋರ್ ಕೊರೆದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಮೈಲಾರಲಿಂಗಪ್ಪ ಶುರು ಮಾಡಿದ. ಪಂಪಣ್ಣ ತುಟಿ ಕಚ್ಚಿದ. ಕಲ್ಲು ಬಂತು ಎಂದ, ಹ್ಞೂಂ ಇಲ್ಲ. ಕೊರೆಯುವ ಬಿಟ್ ಮುರಿಯಿತು ಎಂದ, ಹ್ಞೂಂ ಇಲ್ಲ. ಮೈಲಾರಲಿಂಗಪ್ಪ ಕಥೆ ಬಿಟ್ಟು ಅವನ ಕೈ ಹಿಡಿದ.

'ಪಂಪಾ, ನಾ ಏನರ ತಪ್ಪು ಮಾಡೀನೇನಪಾ?' ಎಂದ. 'ಇದ್ರ ಬಾಯಿಬಿಟ್ಟು ಬೈಯಿ. ಹಿಂಗ ಹೊರಗ ಹಾಕಬ್ಯಾಡ.'

'ಅವ್ರು ವ್ರತ ಹಿಡದಾರ ಮಾವ,' ಎಂದಳು ಚನ್ನಬಸಮ್ಮ.

'ಯಾವ ದೇವರಿಗೆ ಇಂಥ ವ್ರತ ಬೇಕವ್ವಾ?' ಎಂದು ಕಣ್ಣೊರೆಸಿಕೊಂಡು ಅವನು ಎದ್ದುಹೋದ.

ಕಾಲುವೆಯ ಮೇಲೆ ಇನ್ನೂ ದೊಡ್ಡ ಅನಾಹುತವಾಯಿತು. ಕರಿಬಸವ ಬೈಯಲು ಬಂದ. ಹ್ಞೂಂ ಬರಲಿಲ್ಲ. ಹ್ಞೂಂ ಇಲ್ಲದ್ದರಿಂದ ಬೈಗುಳ ತಮ್ಮನ ಕಡೆಗೂ ಹೋಗಲಿಲ್ಲ, ಸೊಸೆಯ ಕಡೆಗೂ ಇಳಿಯಲಿಲ್ಲ, ನೀರಿನ ಮೇಲೇ ನಿಂತುಬಿಟ್ಟಿತು. ನಿಂತದ್ದು ಕದಲಲೊಲ್ಲದು. ಬೇರೆ ದಾರಿ ಕಾಣದೆ ಪಂಪಣ್ಣ ಹೋಗಿ ತೂಬು ಎತ್ತಿದ. ಕರೂರಿನ ಚರಿತ್ರೆಯಲ್ಲಿ ಮೊದಲ ಸಲ ಕೊನೆಯ ಗದ್ದೆಗೆ ಸರದಿಯ ದಿನವೇ ನೀರು ಹೋಯಿತು. ಕರಿಬಸವ ಬದುವಿನ ಮೇಲೆ ಕೂತು ಆ ನೀರನ್ನು ಅನುಮಾನದಿಂದ ನೋಡಿದ.

ಸ್ಪರ್ಧೆಯ ದಿನ ಬಂತು. ಬಳ್ಳಾರಿಯ ಸಭಾಂಗಣದ ಬಾಗಿಲಲ್ಲಿ ಚನ್ನಬಸಮ್ಮ ಗಂಡನನ್ನು ನಿಲ್ಲಿಸಿ, ಕೈಚೀಲದಿಂದ ಎಲೆ ಅಡಿಕೆ ತೆಗೆದಳು.

'ಬಾಯಿ ತಗೀರಿ. ಬಾಯಿ ಖಾಲಿ ಇದ್ರ ತಾನ ಹ್ಞೂಂ ಬರೋದು?'

ಎಲೆಯ ಮೇಲೆ ಎಲೆ, ಅಡಿಕೆಯ ಮೇಲೆ ಅಡಿಕೆ ತುರುಕಿದಳು. ಪಂಪಣ್ಣನ ಎರಡೂ ಕೆನ್ನೆ ತುಂಬಿ ಅವನು ಕೊಳಲೂದುವ ಗಣಪನಂತೆ ಕಂಡ. ಒಳಗೆ ಹೊಸ ಕಾರ್ಪೆಟ್ ಹಾಸಿದ್ದರು. ಉಗುಳಬಾರದು ಎಂದು ಕಂಬಕ್ಕೊಂದು ಬೋರ್ಡು ತೂಗುತ್ತಿತ್ತು. ಇಬ್ಬರೂ ಮೊದಲ ಸಾಲಿನಲ್ಲಿ ಕೂತರು.

ಆರು ಕತ್ತಲುಗಳು ಕತ್ತಲಾಗಿಯೇ ದಾಟಿದವು. ಹುಲಿಗೇಶ್ 'ಯಾರು ನಾನು' ಎಂದು ಕೇಳಿದಾಗ ಪಂಪಣ್ಣ ಕಣ್ಣು ಮುಚ್ಚಿಕೊಂಡ. ಯಾರೂ ಉತ್ತರ ಕೊಡಲಿಲ್ಲ, ಹುಡುಗನಿಗೆ ತನ್ನ ದುರಂತ ಪೂರ್ತಿ ಸಿಕ್ಕಿತು. ರಂಗದ ಪಕ್ಕದಲ್ಲಿ ನಿಂತ ಅಂಜಿನೇಯ ಸರ್ ಮೊದಲ ಸಲ ಸರಿಯಾಗಿ ಉಸಿರಾಡಿದರು.

ಕಾವೇರಿ ಬಂದಳು. ಕೂತಳು. ಬಟ್ಟಲನ್ನು ಸರಿಸಿದಳು.

'ಏಳು. ಗಂಜಿ ಆರುತ್ತಿದೆ.'

ಆ ಕ್ಷಣವೇ ಪಂಪಣ್ಣನ ಹೊಕ್ಕುಳಿನ ಆಸುಪಾಸಿನಲ್ಲಿ ಒಂದು ಹ್ಞೂಂ ಹುಟ್ಟಿತು. ಮಳೆಗಾಲದ ತುಂಗಭದ್ರೆಯಂತೆ ಅದು ಏರಿತು. ಹೊಟ್ಟೆ ದಾಟಿತು, ಎದೆಯ ಗೂಡು ದಾಟಿತು, ಗಂಟಲಿಗೆ ಬಂದು ಬಾಗಿಲು ಬಡಿಯಿತು. ಬಾಯಲ್ಲಿ ಎಲೆ ಅಡಿಕೆಯ ಕೋಟೆ ಇತ್ತು ನಿಜ. ಆದರೆ ಆಗಲೇ ಚನ್ನಬಸಮ್ಮನಿಗೆ ತನ್ನ ಯುದ್ಧತಂತ್ರದ ದೋಷ ಹೊಳೆಯಿತು. ಹ್ಞೂಂ ಅನ್ನಲು ಬಾಯಿ ಬೇಕಾಗಿಯೇ ಇಲ್ಲ. ಅದು ಮೂಗಿನಿಂದ ಬರುವ ವಸ್ತು. ಕೋಟೆಯ ಮುಂಬಾಗಿಲಿಗೆ ಅಷ್ಟೆಲ್ಲ ಕಲ್ಲು ಪೇರಿಸಿ ಹಿಂಬಾಗಿಲನ್ನು ತೆರೆದೇ ಬಿಟ್ಟಿದ್ದಳು. ವೀರನಾರಿ ತಡಮಾಡಲಿಲ್ಲ. ಸೆರಗು ಸುತ್ತಿ ಗಂಡನ ಮೂಗನ್ನು ಗಟ್ಟಿಯಾಗಿ ಹಿಡಿದಳು.

ರಂಗದ ಮೇಲೆ ಕಾವೇರಿ ಕಾಯುತ್ತಿದ್ದಳು. ಅಪ್ಪನ ಮುಖ ಕಂಡರೆ ಸಾಕು ಎಂದಿದ್ದವಳು ಆ ಮುಖ ನೋಡಿದಳು. ಕೆನ್ನೆ ಊದಿ, ಕಣ್ಣು ಹೊರಬಂದು, ಮೂಗು ಅವ್ವನ ಸೆರಗಿನೊಳಗೆ ಕಾಣೆಯಾಗಿತ್ತು. ಅದರಲ್ಲಿ ಹ್ಞೂಂ ಎಲ್ಲಿಂದ ಕೇಳಬೇಕು? ಎರಡನೆಯ ಮಾತು ಅವಳ ಬಾಯಿಗೆ ಬರಲಿಲ್ಲ. ಸಭೆ ಕಾಯಿತು. ಅಂಜಿನೇಯ ಸರ್ ಕೈಗೆ ಸಿಕ್ಕ ಪರದೆಯನ್ನು ಬಾಯಲ್ಲಿ ತುರುಕಿಕೊಂಡರು.

ಕಾವೇರಿ ಎದ್ದಳು. ಹೆಣ ದಾಟಿದಳು. ರಂಗದ ಅಂಚಿಗೆ ಬಂದು ಮೊದಲ ಸಾಲನ್ನು ನೋಡುತ್ತ ನಿಂತಳು. ಬರೆದುಕೊಟ್ಟ ಮಾತು ಎಲ್ಲಿಗೋ ಹೋಗಿತ್ತು.

'ಯಾಕ, ಮಾತಾಡಂಗಿಲ್ಲ?' ಎಂದಳು ಮೆಲ್ಲಗೆ. 'ಹ್ಞೂಂ ಅನ್ನು.'

ಪಂಪಣ್ಣ ಕಣ್ಣಲ್ಲೇ ಇಲ್ಲವೆಂದ.

'ನನಗ ಹಾಲಹಲ್ಲು ಇದ್ದಾಗಿಂದ ಹೇಳಿದ್ದಕ್ಕೆಲ್ಲ ಹ್ಞೂಂ ಅಂದಿ. ಕಾಲಾಗ ಮುಳ್ಳು ಮುರದ್ರ ಹ್ಞೂಂ ಅಂದಿ. ಕುರಿಮರಿ ಸತ್ತಾಗ ಹ್ಞೂಂ ಅಂದಿ. ಮಂದಿ ಮಾತೆಲ್ಲ ಕೇಳಾಕ ನಿನಗ ಕಿವಿ ಐತಿ. ಇವತ್ತು ಇಷ್ಟು ಕತ್ತಲದಾಗ ನಾ ಒಬ್ಬಾಕಿ ನಿಂತೀನಿ. ಇವತ್ತ ಬಾಯಿ ಹೊಲಕೊಂಡು ಕುಂತಿ.'

ಪಂಪಣ್ಣನ ಕಣ್ಣಿಂದ ನೀರು ದಳದಳನೆ ಇಳಿಯಿತು. ಒಳಗೆ ನೆರೆ, ಹೊರಗೆ ಮಗಳು. ಇಡೀ ಜೀವಮಾನ ತೂಬು ಕಾದವನು ಈಗ ತನ್ನ ಗಂಟಲಿನ ತೂಬನ್ನು ಕೆಳಕ್ಕೆ ಒತ್ತಿ ಹಿಡಿದ. ಒಂದು ಹನಿ ಹೊರಬಿಡಲಿಲ್ಲ. ಹ್ಞೂಂ ಅನ್ನು ಎಂದು ಮಗಳೇ ಕೇಳುತ್ತಿದ್ದಾಳೆ, ಅನ್ನುವುದು ಬೇಡ ಎಂದವಳೂ ಮಗಳೇ.

ಕಾವೇರಿ ಇನ್ನೊಂದು ಘಳಿಗೆ ನೋಡಿದಳು. ಆಮೇಲೆ ಗದ್ದ ಮೇಲೆತ್ತಿದಳು.

'ಆತು ಬಿಡು. ನೀ ಹ್ಞೂಂ ಅನ್ನದಿದ್ರ ಕಥಿ ನಿಲ್ತತಿ ಅಂತ ತಿಳದೀಯೇನು?'

ತಿರುಗಿ ಹೆಣದ ಹತ್ತಿರ ಹೋಗಿ ಕೂತಳು. ಗಂಜಿಯ ಮಾತು, ವಿಷದ ಮಾತು, ಮದುವೆಯ ದಿನದ ಮಾತು, ಬರೆದದ್ದೆಲ್ಲ ಈಗ ಬಂತು. ಎಲ್ಲೂ ಕಾಯಲಿಲ್ಲ. ಯಾರ ಮುಖವನ್ನೂ ನೋಡಲಿಲ್ಲ. ಬಿಳಿ ಬಟ್ಟೆಯ ಕೆಳಗಿದ್ದ ಹುಡುಗ, ಕುರುಗೋಡಿನಲ್ಲಿ ಕುಲುಕಾಡಿದವನು, ಇಲ್ಲಿ ನಿಜವಾಗಿಯೂ ಹೆದರಿ ಮರಗಟ್ಟಿದ. ದೀಪ ಆರಿದ ಮೇಲೂ ಜನಕ್ಕೆ ಚಪ್ಪಾಳೆಯ ನೆನಪಾಗಲು ಹೊತ್ತು ಹಿಡಿಯಿತು. ಚನ್ನಬಸಮ್ಮ ಮೂಗು ಬಿಟ್ಟಳು. ಪಂಪಣ್ಣ ಎಲೆ, ಅಡಿಕೆ, ರಸ, ಹ್ಞೂಂ ಎಲ್ಲವನ್ನೂ ಒಟ್ಟಿಗೆ ನುಂಗಿದ.

ತೀರ್ಪುಗಾರ್ತಿ ವಿಜಯಲಕ್ಷ್ಮಿ ಮೇಡಂ ಮೈಕಿನ ಮುಂದೆ ಬಂದು ಕನ್ನಡಕ ಒರೆಸಿಕೊಂಡರು. ಹಾಲುಹಲ್ಲಿನ ವಯಸ್ಸಿಗೇ ಮದುವೆಯಾದ ಹೆಣ್ಣಿನ ಬಾಯಲ್ಲಿ ಬಾಲ್ಯವಿವಾಹಕ್ಕೆ ಇಂಥ ಪೆಟ್ಟು ಕೊಡಿಸಿದ್ದನ್ನು ತಾವು ಎಲ್ಲೂ ಕಂಡಿಲ್ಲ ಎಂದರು. ಕಾಣದ ಗಂಡನನ್ನು ಸಭೆಯ ಮೊದಲ ಸಾಲಿನಲ್ಲೇ ಕೂತಿದ್ದಾನೆಂಬಂತೆ ನಂಬಿಸಿದ್ದನ್ನು ಹೊಗಳಿದರು. 'ಅಲ್ಲಿ ಒಬ್ಬ ಹಿರಿಯರು ಕೊನೆಯವರೆಗೆ ಉಸಿರನ್ನೇ ಬಿಡದೆ ಕೂತಿದ್ದರು. ಕಲೆಯ ಶಕ್ತಿ ಅದು,' ಎಂದು ಪಂಪಣ್ಣನ ಕಡೆ ಕೈ ತೋರಿಸಿದರು. ಮಾತಿನ ನಡುವಿನ ಆ ನಿಲುಗಡೆ ಯಾರ ಕಲ್ಪನೆ ಎಂದು ಕೇಳಿದಾಗ ಅಂಜಿನೇಯ ಸರ್ ಬಾಯಿಂದ ಪರದೆಯ ದಾರ ತೆಗೆದುಕೊಂಡು ವಿನಯದಿಂದ ತಲೆ ಬಾಗಿಸಿದರು. 'ಏಳು ಕತ್ತಲು' ಎರಡನೆಯ ಬಹುಮಾನ ಪಡೆಯಿತು. ಉತ್ತಮ ನಟಿಯ ಫಲಕ ಕಾವೇರಿಗೆ ಬಂತು, ನಾಟಕ ಶಾಲೆಯ ಅರ್ಜಿಗೆ ಅಷ್ಟು ಸಾಕು.

ಸಂಜೆಯ ಸಿರುಗುಪ್ಪ ಬಸ್ಸಿನಲ್ಲಿ ಫಲಕವನ್ನು ತೊಡೆಯ ಮೇಲಿಟ್ಟುಕೊಂಡು ಕಾವೇರಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಪಕ್ಕದಲ್ಲಿ ಪಂಪಣ್ಣ. ಹಿಂದಿನ ಸೀಟಿನಲ್ಲಿ ಚನ್ನಬಸಮ್ಮ ಆಗಲೇ ತೂಕಡಿಸುತ್ತಿದ್ದಳು. ಮೂಗು ಹಿಡಿದ ಕೈ ಅವಳಿಗಿನ್ನೂ ನೋಯುತ್ತಿತ್ತು.

'ಒಂದ ಒಂದು ಹ್ಞೂಂ,' ಎಂದಳು ಕಾವೇರಿ, ಕಿಟಕಿಗೆ. 'ನಾ ಬಾಯಿಬಿಟ್ಟು ಕೇಳಿದ್ನಿ.'

'ನೀನ ಅಲ್ಲವ್ವಾ ಬ್ಯಾಡ ಅಂದಾಕಿ.'

'ಆದ್ರ ನನಗ ಬಂದ ಸಿಟ್ಟು, ಅಳು, ಎಲ್ಲಾ ನಿಜ ಇತ್ತು. ಮಂದಿ ನಾಟಕ ಅಂದ್ಕಂಡ್ರು.'

'ನನಗೂ ಒಳಗ ನಿಜಾನ ಆಗಾಕತ್ತಿತ್ತು. ನೀ ಏನೇನೋ ತಿಳಕೋಬ್ಯಾಡ. ಒಳಗ ಏನಾತು ಅಂತ ನಾ ಹೇಳ್ತೀನಿ, ಕೇಳು.'

ಇದುವರೆಗೆ ಪಂಪಣ್ಣ ಯಾರಿಗೂ ಏನನ್ನೂ ಹೇಳಿದವನಲ್ಲ. ಇಡೀ ತಾಲ್ಲೂಕಿನ ಕಥೆ ಕೇಳಿದವನು ಇಂದು ತಾನೇ ಹೇಳಲು ಹೊರಟಿದ್ದಾನೆ. ಮುಂದಿನ ಸೀಟಿನ ಕರೂರಿನವರು ತಿರುಗಿ ಕೂತರು. ಆಂಧ್ರದ ಕಡೆಯ ಒಬ್ಬ ಮೆಣಸಿನಕಾಯಿ ಚೀಲದವನು ಸೀಟಿನ ಅಂಚಿಗೆ ಸರಿದ. ಕಂಡಕ್ಟರ್ ಕಂಬಿಗೆ ಒರಗಿ ಕಿವಿ ಕೊಟ್ಟ.

'ಅದು ಏನಾತಂದ್ರ,' ಎಂದ ಪಂಪಣ್ಣ, 'ಮುಂಜಾನಿ ಎದ್ದೆ. ಎದ್ದು ಕುಂತೆ. ಕುಂದ್ರಾನ ಅಂದ್ಕಂಡು, ಇಲ್ಲ, ಏಳಾನ ಅಂತ ಎದ್ದೆ.'

'ಆ, ತರ್ವಾತ?' ಎಂದು ಮುಂದಿನದನ್ನು ಕೇಳಿದ ಚೀಲದವನು ತೆಲುಗಿನಲ್ಲಿ, ಆಸೆಯಿಂದ.

'ಎಲಿ ತರಾಕ ಹೋದೆ. ಅಂಗಡಿ ಮುಚ್ಚಿತ್ತು. ತಡಿ, ಮುಚ್ಚಿದ್ದು ನಿನ್ನೆ. ಇವತ್ತು ತಗದಿತ್ತು. ಅಲ್ಲ, ನಿನ್ನೆ ನಾ ಹೋಗೇ ಇರಲಿಲ್ಲ. ನಿನ್ನೆ ಮುಚ್ಚಿತ್ತಂತ ನನಗ ಯಾರು ಹೇಳಿದ್ರು?'

ಅದನ್ನು ಯಾರು ಹೇಳಿದ್ದೆಂದು ನೆನಪು ಮಾಡಿಕೊಳ್ಳುತ್ತ ಅವನು ಊರಿನ ಹೆಸರುಗಳನ್ನು ಮನೆ ಮನೆಯಾಗಿ ದಾಟತೊಡಗಿದ. ಕಂಡಕ್ಟರ್ ಟಿಕೆಟ್ ಕೊಡುವ ನೆಪದಲ್ಲಿ ಸದ್ದಿಲ್ಲದೆ ಮುಂದೆ ಹೋದ. ತೆಕ್ಕಲಕೋಟೆ ಬರುವಷ್ಟರಲ್ಲಿ ಕರೂರಿನವರು ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಹೋಗಿದ್ದರು. ಚೀಲದವನು ಇಳಿಯಬೇಕಾದ ಊರಿಗಿಂತ ಮುಂಚೆಯೇ ಇಳಿದುಬಿಟ್ಟ. ಕೇಳುವ ವಿದ್ಯೆಯಲ್ಲಿ ಸಾಟಿಯಿಲ್ಲದ ಪುರುಷ ಹೇಳುವ ವಿದ್ಯೆಯಲ್ಲಿ ಇಷ್ಟು ದರಿದ್ರನೆಂದು ಯಾರಿಗೆ ಗೊತ್ತಿತ್ತು?

ಮಾತು ನಿಂತಿತು. ಕಾವೇರಿ ಕಿಟಕಿಯಿಂದ ತಿರುಗಿ ನೋಡಿದಳು. ಅಪ್ಪ ಬಾಯಿ ಅರ್ಧ ತೆರೆದುಕೊಂಡು ಅವಳನ್ನೇ ನೋಡುತ್ತ ಕೂತಿದ್ದ.

'ಯಾಕ ನಿಂತಿ?' ಎಂದಳು.

'ಯಾರೂ ಹ್ಞೂಂ ಅನ್ನವಲ್ರು.'

ಕಾವೇರಿ ಫಲಕದ ಮೇಲಿನ ಅಕ್ಷರಗಳನ್ನು ಉಗುರಿನಿಂದ ಕೆರೆದಳು. ಆಮೇಲೆ ಅದನ್ನು ಸೀಟಿನ ಕೆಳಗೆ ಇಟ್ಟು, ಕಾಲು ಮೇಲೆ ಮಡಿಚಿ, ಅವನ ಕಡೆ ತಿರುಗಿ ಕೂತಳು.

'ಎಲ್ಲಿದ್ನಿ ನಾನು?' ಎಂದ ಪಂಪಣ್ಣ.

'ಅಂಗಡಿ ಮುಂದ.'

'ಹ್ಞಾ. ಅಂಗಡಿ ಮುಂದ ಒಂದು ನಾಯಿ ಮಲಗಿತ್ತು.'

'ಹ್ಞೂಂ,' ಎಂದಳು ಕಾವೇರಿ.